ಕಾಲೇಜಿಗೆ ಒಂದು ವರ್ಷ ಬ್ರೇಕ್ ಕೊಟ್ಟು ಕೆಲಸಕ್ಕೆ ಹೋಗಲಾ?

ಪ್ರಶ್ನೆ: ಸರ್, ನಾನು ತುಮಕೂರಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಸಿಇಟಿ ಮೂಲಕ ಸಿಕ್ಕ ಸರ್ಕಾರಿ ಕೋಟಾದ ಸೀಟು. ನಾಲ್ಕನೇ ಸೆಮಿಸ್ಟರ್ ಮುಗಿಯುತ್ತಾ ಬಂದಿದೆ. ಊರು ಗುಬ್ಬಿ ಹತ್ತಿರದ ಹಳ್ಳಿ, ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಅಪ್ಪ ಸ್ವಂತ ಗೂಡ್ಸ್ ಆಟೊ ಓಡಿಸುತ್ತಿದ್ದರು. ಮೂರು ತಿಂಗಳ ಹಿಂದೆ ಕಾರು ಗುದ್ದಿ ಕಾಲು ಮುರಿಯಿತು. ಇನ್ನೂ ಆರೇಳು ತಿಂಗಳು ಗಾಡಿ ಓಡಿಸುವ ಹಾಗಿಲ್ಲ ಎಂದಿದ್ದಾರೆ. ಆಟೊ ಸಾಲದ ಕಂತು ನಿಂತಿಲ್ಲ. ಒಂದು ಎಕರೆ ತೆಂಗು ಇದೆ, ಅದರಲ್ಲಿ ಮನೆ ನಡೆಯಲ್ಲ. ತಂಗಿ ಈ ವರ್ಷ ಸೆಕೆಂಡ್ ಪಿಯು. ನನ್ನ ಫೀಸು, ಬಸ್ಸು, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷದ ಹತ್ತಿರ ಆಗುತ್ತೆ. ಬೆಂಗಳೂರಿನ ಒಂದು ಗೋದಾಮಿನಲ್ಲಿ ತಿಂಗಳಿಗೆ 18,000ದ ಕೆಲಸ ಇದೆ, ಒಂದು ವರ್ಷ ಮಾಡಿ ಆಮೇಲೆ ವಾಪಸ್ ಸೇರೋಣ ಅಂದುಕೊಂಡಿದ್ದೇನೆ. ಸೋದರಮಾವ "ಎಂಜಿನಿಯರಿಂಗ್ ಮುಗಿಸಿದವರೇ ಫುಡ್ ಡೆಲಿವರಿ ಮಾಡ್ತಿದ್ದಾರೆ, ಸುಮ್ನೆ ಬಿಟ್ಟು ಬಾ" ಅನ್ನುತ್ತಾರೆ. ಕ್ಲಾಸ್‌ಮೇಟ್‌ಗಳು "ಬ್ರೇಕ್ ತಗೊಂಡ್ರೆ ಸೀಟೇ ಹೋಗುತ್ತೆ, ಯಾವ ಕಂಪನಿಯೂ ತಗೊಳ್ಳಲ್ಲ" ಅನ್ನುತ್ತಾರೆ. ಇನ್ನೊಂದು ವಿಷಯ. ನನಗೆ ಮೂರು ಬ್ಯಾಕ್‌ಲಾಗ್ (ಪಾಸಾಗದೆ ಬಾಕಿ ಉಳಿದ ವಿಷಯ) ಇವೆ: ಫಸ್ಟ್ ಇಯರ್ ಗಣಿತ, ಮೂರನೇ ಸೆಮಿಸ್ಟರಿನ ಗಣಿತ ಮತ್ತೆ ನೆಟ್‌ವರ್ಕ್ ಅನಾಲಿಸಿಸ್. ಇದು ಮನೆಯಲ್ಲಿ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆ, ಆದರೆ ಪತ್ರದಲ್ಲಿ ಮೂರು ಸಂಗತಿ ಒಟ್ಟಿಗೆ ಸೇರಿಕೊಂಡಿವೆ. ಮನೆಯಲ್ಲಿ ದುಡ್ಡಿನ ತಾಪತ್ರಯ. ಬ್ಯಾಕ್‌ಲಾಗ್‌ಗಳ ಭಯ. ಜೊತೆಗೆ, ಕೈಗೆ ಸಿಕ್ಕಿರುವ ಒಂದು ಕೆಲಸ. ಕಾಲೇಜಿನಲ್ಲಿ ಪಾಠ ಹೇಳುವುದರ ಜೊತೆಗೆ ವಿದ್ಯಾರ್ಥಿಗಳ ಕಷ್ಟಸುಖ ನೋಡಿಕೊಳ್ಳುವ ಜವಾಬ್ದಾರಿಯೂ ನನಗೆ ಬಹಳ ಕಾಲ ಇತ್ತು. "ಬ್ರೇಕ್ ಬೇಕು" ಎಂದು ಬರುವ ಹುಡುಗರಲ್ಲಿ ದುಡ್ಡು ಮೊದಲ ಕಾರಣವಾಗಿದ್ದರೂ, ಹಿಂದೆ ಒಂದೆರಡು ಬ್ಯಾಕ್‌ಲಾಗ್ ಅಡಗಿ ಕೂತಿರುವುದು ಮಾಮೂಲು. ಮನೆ ಕಷ್ಟಕ್ಕೆ ಓದು ಬಿಟ್ಟೆ ಎಂದರೆ ಗೌರವ ಇರುತ್ತದೆ, ಗಣಿತದಲ್ಲಿ ಫೇಲಾದೆ ಎಂದರೆ ಇರುವುದಿಲ್ಲ, ಅಲ್ವಾ? ನಿಮ್ಮ ವಿಷಯದಲ್ಲಿ ಹೀಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಮನೆಯ ಕಷ್ಟ ನಿಜವಾದದ್ದೇ. ಆದರೂ ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡದಿದ್ದರೆ ಲೆಕ್ಕ ತಪ್ಪುತ್ತದೆ.

ಮೊದಲು ದುಡ್ಡಿನ ಲೆಕ್ಕ ಹಾಕೋಣ, ಯಾಕೆಂದರೆ ನಿಮ್ಮ ನಿರ್ಧಾರ ನಿಂತಿರುವುದೇ ಆ 18,000ದ ಮೇಲೆ.

ಆ ಸಂಖ್ಯೆ ಸಿಟಿಸಿಯೋ, ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚೋ, ಇಲ್ಲಾ ಕೈಗೆ ಬರುವುದೋ ಕೇಳಿದ್ದೀರಾ? ಗೋದಾಮು, ಕಾಲ್ ಸೆಂಟರ್, ಅಂಗಡಿಗಳಂಥ ಕಡೆ ಕೆಲಸಕ್ಕೆ ಜನ ಹುಡುಕಿಕೊಡುವ ಏಜೆನ್ಸಿಯವರು ಹೇಳುವುದು ಸಾಮಾನ್ಯವಾಗಿ ಸಿಟಿಸಿ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಇಎಸ್‌ಐ ಪಾಲೂ ಸೇರಿರುತ್ತದೆ. ಆಮೇಲೆ ನಿಮ್ಮ ಪಾಲಿನ ಪಿಎಫ್ ಮತ್ತು ಶೇ. 0.75ರ ಇಎಸ್‌ಐ ಕಳೆಯುತ್ತಾರೆ. 18,000 ಸಿಟಿಸಿ ಅಂದರೆ ಕೈಗೆ 14-15 ಸಾವಿರ ಎಂದು ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಮೂರು ಜನ ಇರುವ ಪಿಜಿ ರೂಮಿಗೆ ಊಟ ಸೇರಿ 7-8 ಸಾವಿರ. ಪಿಜಿಯವರು ಸೇರುವಾಗ ಅಡ್ವಾನ್ಸ್ ಬೇರೆ ಕೇಳುತ್ತಾರೆ. ಬಸ್ಸು, ಫೋನು, ಸೋಪು, ರಜೆಯಲ್ಲಿ ಊರಿಗೆ ಹೋಗಿಬರುವ ಖರ್ಚು ಎಲ್ಲ ಸೇರಿ 2 ಸಾವಿರ ಅಂದರೆ ಕಮ್ಮಿಯೇ ಆಯಿತು. ಉಳಿಯುವುದು ತಿಂಗಳಿಗೆ 5 ಸಾವಿರದ ಆಸುಪಾಸು. ಮೊದಲ ತಿಂಗಳು ಬಿಟ್ಟರೆ ವರ್ಷಕ್ಕೆ 55,000. ಓವರ್‌ಟೈಮ್ ಮಾಡಿದರೆ ಇನ್ನೊಂದಿಷ್ಟು.

ಈಗ ಇನ್ನೊಂದು ಕಡೆ ನೋಡಿ. ನೀವು ಮನೆಯಲ್ಲೇ ಇದ್ದೀರಿ. ಊಟ, ವಾಸಕ್ಕೆ ದುಡ್ಡು ಕೊಡಬೇಕಿಲ್ಲ. ಬಸ್ಸಿಗೆ ವಿದ್ಯಾರ್ಥಿ ಪಾಸ್ ಇದೆ. ಗುಬ್ಬಿಯಲ್ಲೋ ತುಮಕೂರಿನಲ್ಲೋ ಸಂಜೆ ಎರಡು ಮೂರು ಗಂಟೆ, ಭಾನುವಾರ ಪೂರ್ತಿ ದಿನ ಕೆಲಸ ಮಾಡಿ ತಿಂಗಳಿಗೆ 5-6 ಸಾವಿರ ಸಂಪಾದಿಸಿದರೆ, ಬೆಂಗಳೂರಿನ 18,000ದ ಕೆಲಸದಲ್ಲಿ ಉಳಿಯುವಷ್ಟೇ ಇಲ್ಲೂ ಉಳಿಯುತ್ತದೆ. ಓದು ನಿಲ್ಲುವುದಿಲ್ಲ. ಹೈಸ್ಕೂಲ್ ಮಕ್ಕಳಿಗೆ ಗಣಿತ, ವಿಜ್ಞಾನದ ಟ್ಯೂಷನ್, ಮೆಡಿಕಲ್ ಸ್ಟೋರ್ ಅಥವಾ ಸೂಪರ್‌ಮಾರ್ಕೆಟ್ ಕೌಂಟರ್, ಮದುವೆ ಸೀಸನ್ನಿನಲ್ಲಿ ಕೇಟರಿಂಗ್, ಮೊಬೈಲ್ ರಿಪೇರಿ. ನಿಮ್ಮ ಬ್ರ್ಯಾಂಚಿಗೆ ಕೊನೆಯದು ಚೆನ್ನಾಗಿಯೇ ಒಗ್ಗುತ್ತದೆ. ಇಂಥ ಕೆಲಸ ಮಾಡಿಕೊಂಡು ಓದಿದ ಹುಡುಗರನ್ನು ಸಾಕಷ್ಟು ನೋಡಿದ್ದೇನೆ. ಸುಲಭ ಅಂತ ಹೇಳುವುದಿಲ್ಲ. ಹಾಜರಾತಿ ಶೇ. 85 ಇರಬೇಕು, ಸೂಕ್ತ ಕಾರಣ ಇದ್ದರೆ ಶೇ. 75ರವರೆಗೆ ರಿಯಾಯಿತಿ ಸಿಗಬಹುದು. ನೈಟ್ ಶಿಫ್ಟ್ ಒಪ್ಪಿಕೊಂಡರೆ ಅದೂ ಉಳಿಯುವುದಿಲ್ಲ. ಎರಡು ವಾರ ನಿದ್ದೆಗೆಟ್ಟು ಆಮೇಲೆ ಬೆಳಗಿನ ಕ್ಲಾಸ್ ತಪ್ಪಿಸುವುದು ಶುರುವಾಗುತ್ತದೆ. ಆದ್ದರಿಂದ ಸಂಜೆ ಕೆಲಸ ಮಾತ್ರ.

ಹಾಗಿದ್ದರೆ ಮನೆಯ ಕೊರತೆ ಎಷ್ಟು? ಇದನ್ನು ನೀವು ಬರೆದಿಲ್ಲ. ಬಹುಶಃ ಮನೆಯಲ್ಲಿ ಯಾರೂ ಕಾಗದದ ಮೇಲೆ ಬರೆದು ನೋಡಿಲ್ಲ. ಆಟೊ ಕಂತು ಎಷ್ಟು, ಇನ್ನೆಷ್ಟು ತಿಂಗಳಿದೆ, ತಂಗಿಯ ಫೀಸು ಎಷ್ಟು, ಆಸ್ಪತ್ರೆ ಖರ್ಚು ಇನ್ನೂ ಇದೆಯಾ, ತೆಂಗಿನಿಂದ ವರ್ಷಕ್ಕೆ ಏನು ಬರುತ್ತದೆ ಎಂದು ಅಪ್ಪ, ಅಮ್ಮನ ಜೊತೆ ಕೂತು ಬರೆಯಿರಿ.

ಒಂದು ವಿಷಯ ನನಗೆ ಎದ್ದು ಕಾಣುತ್ತಿದೆ. ಆಟೊ ಮನೆ ಮುಂದೆ ಸುಮ್ಮನೆ ನಿಂತಿದೆಯಾ? ಹಾಗಿದ್ದರೆ ನಿಮ್ಮ ಮನೆಯ ತಾಪತ್ರಯಕ್ಕೆ ಮೊದಲ ಮದ್ದು ಅದೇ. ಲೈಸೆನ್ಸ್ ಇರುವ, ನಂಬಿಕೆಯ ಡ್ರೈವರ್ ಒಬ್ಬರಿಗೆ ದಿನದ ಬಾಡಿಗೆ ಮೇಲೆ ಕೊಡಬಹುದು. ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ) ಚಾಲ್ತಿಯಲ್ಲಿರಲಿ. ಕಂತಿನ ಭಾರ ಅಲ್ಲಿಗೇ ಬಹುಮಟ್ಟಿಗೆ ಇಳಿಯಬಹುದು. ಅದು ಆಗದಿದ್ದರೆ ಸಾಲ ಕೊಟ್ಟವರ ಹತ್ತಿರ ಆಸ್ಪತ್ರೆ ಕಾಗದ ಹಿಡಿದುಕೊಂಡು ಹೋಗಿ, ಕಂತನ್ನು ಇಳಿಸಿ ಅವಧಿ ಹೆಚ್ಚಿಸಿ ಎಂದು ಕೇಳಿ. ಕಂತು ತಪ್ಪುವ ಮೊದಲೇ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಮಗ ಓದು ಬಿಟ್ಟು ನಿಂತ ಗಾಡಿಯ ಕಂತು ಕಟ್ಟುವುದು ಇವೆಲ್ಲ ಆದ ಮೇಲಿನ ಮಾತು.

ಇನ್ನೊಂದು, ಕಾರು ಗುದ್ದಿದ್ದು ಅಂತ ಬರೆದಿದ್ದೀರಿ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಿದೆಯಾ? ತಪ್ಪು ಆ ಕಾರಿನವರದ್ದಾಗಿದ್ದರೆ ಅದರ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆಸ್ಪತ್ರೆ ಖರ್ಚಿನ ಜೊತೆಗೆ ದುಡಿಮೆ ನಿಂತ ತಿಂಗಳುಗಳ ನಷ್ಟವನ್ನೂ ಅದರಲ್ಲಿ ಕೇಳುತ್ತಾರೆ. ಬರಲು ಸಮಯ ಹಿಡಿಯುತ್ತದೆ, ಆದರೆ ಅರ್ಜಿ ತಡ ಮಾಡಬಾರದು. ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ಸಲಹೆ ಕೊಡುತ್ತಾರೆ. ಇದು ನನ್ನ ಕ್ಷೇತ್ರ ಅಲ್ಲ. ಆದರೂ ಇಂಥ ಮನೆಗಳಲ್ಲಿ ಕೇಳದೆ ಬಿಟ್ಟುಬಿಟ್ಟ ದುಡ್ಡು ಬಹಳ ಇರುತ್ತದೆ, ಅದಕ್ಕೇ ಹೇಳಿದೆ.

ಇನ್ನು ನಿಮ್ಮ ಫೀಸಿನ ಮಾತು. ಶೈಕ್ಷಣಿಕ ಸಾಲವನ್ನು ಮೊದಲ ವರ್ಷ ಸೇರುವಾಗಲೇ ತೆಗೆದುಕೊಳ್ಳಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಕೋರ್ಸ್ ನಡುವೆ ಇರುವವರೂ ಉಳಿದ ವರ್ಷಗಳಿಗೆ ಕೇಳಬಹುದು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಜೊತೆಗೆ ಅಪ್ಪ, ಅಮ್ಮನ ಖಾತೆ ಇರುವ ಬ್ಯಾಂಕಿನ ಶಾಖೆಗೂ ಹೋಗಿ. 4 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ, ತಂದೆ ಅಥವಾ ತಾಯಿ ಜೊತೆಯಲ್ಲಿ ಸಹಿ ಹಾಕಿದರೆ ಸಾಕು. ನಿಮಗೆ ಉಳಿದ ಎರಡು ವರ್ಷಕ್ಕೆ ಬೇಕಿರುವುದು 2 ಲಕ್ಷ. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ನಂತರ. 5 ವರ್ಷದ ಅವಧಿಗೆ ಶೇ. 10ರ ಬಡ್ಡಿ ಹಿಡಿದರೆ ತಿಂಗಳ ಕಂತು 4,250ರ ಹತ್ತಿರ. ಅಲ್ಲಿಯವರೆಗೆ ಸೇರುವ ಬಡ್ಡಿಯಿಂದ ಸ್ವಲ್ಪ ಏರಬಹುದು. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ನಿಮ್ಮ ಕಾಲೇಜು, ಕೋರ್ಸ್ ಅದಕ್ಕೆ ಬರುತ್ತದೆಯಾ ಎಂದು ಬ್ಯಾಂಕಿನಲ್ಲೇ ಕೇಳಿ. ಆದರೆ ಒಂದು ಷರತ್ತು ನೆನಪಿಡಿ: ಅನಾರೋಗ್ಯದ ಕಾರಣ ಬಿಟ್ಟರೆ, ಓದು ಮಧ್ಯದಲ್ಲಿ ಬಿಟ್ಟವರಿಗೆ ಈ ಬಡ್ಡಿ ಸಹಾಯ ಸಿಗುವುದಿಲ್ಲ.

ನೀವು ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತ ಸಮುದಾಯದವರಾಗಿದ್ದರೆ ಸಂಬಂಧಪಟ್ಟ ಅಭಿವೃದ್ಧಿ ನಿಗಮ ಓದಿಗೆಂದು ಕೊಡುವ 'ಅರಿವು' ಸಾಲ ಇದಕ್ಕಿಂತ ಹಗುರ, ಬಡ್ಡಿ ಶೇ. 2 ಮಾತ್ರ. ತೆಂಗಿನ ತೋಟದ ಪಹಣಿ ಅಪ್ಪನ ಹೆಸರಿನಲ್ಲಿದೆಯಾ? ಹಾಗಿದ್ದರೆ ರೈತರ ಮಕ್ಕಳ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿ ಈಗ ಸಿಗುತ್ತದೆಯಾ ಕೇಳಿ, ಅದರಲ್ಲಿ ಬಿಇ ಓದುವ ಹುಡುಗರಿಗೆ ವರ್ಷಕ್ಕೆ 10,000 ರೂಪಾಯಿ ನಿಗದಿಯಾಗಿತ್ತು. ನೀವು ಇಷ್ಟು ದಿನ ಪಡೆಯುತ್ತಿದ್ದೀರಾ, ಇಲ್ಲವಾ ಬರೆದಿಲ್ಲ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳ ಅರ್ಜಿ ಬಹುತೇಕ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ. ಆಧಾರ್ ಜೋಡಣೆ ಸರಿಯಿಲ್ಲ ಅಂತಲೋ ಆದಾಯ ಪ್ರಮಾಣಪತ್ರ ಹಳೆಯದು ಅಂತಲೋ ನಿಂತುಹೋದ ಅರ್ಜಿಗಳು ಪ್ರತಿ ಕಾಲೇಜಿನಲ್ಲೂ ಇರುತ್ತವೆ. ಬ್ರೇಕ್ ತೆಗೆದುಕೊಂಡ ವರ್ಷ ಇದ್ಯಾವುದೂ ಬರುವುದಿಲ್ಲ, ಅದನ್ನೂ ನಷ್ಟದ ಲೆಕ್ಕಕ್ಕೆ ಸೇರಿಸಿ.

ಈಗ ನಿಮ್ಮ ಸುತ್ತಲಿನವರ ಮಾತುಗಳಿಗೆ ಬರೋಣ.

"ಸೀಟು ಹೋಗುತ್ತೆ." ಇದು ಸುಳ್ಳು. ನಿಮ್ಮ ಬ್ಯಾಚಿನ ಪ್ರವೇಶ ಎಂದೋ ಮುಗಿದಿದೆ, ಪರೀಕ್ಷಾ ಪ್ರಾಧಿಕಾರ ಆ ಸೀಟನ್ನು ಬೇರೆಯವರಿಗೆ ಕೊಡುವುದಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಲ್ಲಿ ನಾಲ್ಕು ವರ್ಷದ ಬಿಇ ಮುಗಿಸಲು ಗರಿಷ್ಠ 8 ವರ್ಷ ಅವಕಾಶ ಇದೆ. ಅನುಮತಿ ಪಡೆದು ಬ್ರೇಕ್ ತೆಗೆದುಕೊಂಡವರು ಮರುಪ್ರವೇಶ ಪಡೆಯಬಹುದು. ಆದರೆ ಈ 8 ವರ್ಷ ಎಣಿಸುವುದು ನೀವು ಮೊದಲು ಸೇರಿದ ದಿನದಿಂದ, ಬ್ರೇಕ್ ತೆಗೆದುಕೊಂಡ ಕಾಲವೂ ಅದರೊಳಗೇ ಬರುತ್ತದೆ.

"ಯಾವ ಕಂಪನಿಯೂ ತಗೊಳ್ಳಲ್ಲ." ಅರ್ಧ ನಿಜ. ಕ್ಯಾಂಪಸ್ಸಿಗೆ ಬರುವ ದೊಡ್ಡ ಐಟಿ ಕಂಪನಿಗಳು ಓದಿನ ನಡುವಿನ ಗ್ಯಾಪ್‌ಗೆ ಒಂದು ಮಿತಿ ಇಟ್ಟಿರುತ್ತವೆ, ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ. ಕಾರಣ ಹೇಳಬೇಕು, ದಾಖಲೆ ತೋರಿಸಬೇಕು. ಅಪ್ಪನ ಆಸ್ಪತ್ರೆ ಕಾಗದ, ಕೆಲಸದ ಅನುಭವ ಪತ್ರ ಇದ್ದರೆ ಒಂದು ವರ್ಷದ ಗ್ಯಾಪ್ ದೊಡ್ಡ ತೊಡಕಲ್ಲ. ನಿಮಗೆ ಅಡ್ಡ ಬರುವುದು ಬ್ಯಾಕ್‌ಲಾಗ್. ಬಾಕಿ ವಿಷಯ ಇರುವವರನ್ನು ಎಷ್ಟೋ ಕಂಪನಿಗಳು ಪರೀಕ್ಷೆಗೇ ಕೂರಿಸುವುದಿಲ್ಲ. ಸರ್ಕಾರಿ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಂತೂ ನೋಡುವುದು ಡಿಗ್ರಿ ಮತ್ತು ವಯಸ್ಸು. ಒಂದು ವರ್ಷ ತಡವಾಗಿ ಮುಗಿಸಿದ್ದಕ್ಕೆ ಅಲ್ಲಿ ಯಾರೂ ಅಡ್ಡ ಹಾಕುವುದಿಲ್ಲ.

ಇನ್ನು ನಿಮ್ಮ ಮಾವನ ಮಾತು. ಎಂಜಿನಿಯರಿಂಗ್ ಮುಗಿಸಿ ಡೆಲಿವರಿ ಮಾಡುತ್ತಿರುವವರು ಇದ್ದಾರೆ, ನಾನೇ ಪಾಠ ಹೇಳಿದವರಲ್ಲೂ ಇದ್ದಾರೆ. ಆದರೆ ಅವರು ನಾಳೆ ಪಿಎಸ್‌ಐ, ಪಿಡಿಒ, ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಬಹುದು. ಎರಡು ವರ್ಷ ಓದಿ ಬಿಟ್ಟವರ ಕೈಯಲ್ಲಿ ಇರುವುದು ಪಿಯುಸಿ ಮಾರ್ಕ್ಸ್ ಕಾರ್ಡ್ ಮಾತ್ರ. ಎರಡು ವರ್ಷದ ಫೀಸು ಕಟ್ಟಿ ಅಲ್ಲಿಗೇ ವಾಪಸ್ ಬಂದಂತೆ. ಬಿಇಯನ್ನು ದೂರಶಿಕ್ಷಣದಲ್ಲಿ ಮುಗಿಸುವ ದಾರಿಯೂ ಇಲ್ಲ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಅದಕ್ಕೆ ಒಪ್ಪುವುದಿಲ್ಲ, ಅಂಥ ಡಿಗ್ರಿಗಳ ವಿಷಯದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಟುವಾಗಿಯೇ ಹೇಳಿದೆ. ಆನ್‌ಲೈನ್‌ನಲ್ಲಿ ಬಿಟೆಕ್ ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಮುಕ್ತ ವಿಶ್ವವಿದ್ಯಾಲಯಗಳಾದ ಕೆಎಸ್‌ಒಯು, ಇಗ್ನೊದಲ್ಲಿ ಬಿಕಾಂ, ಬಿಎ, ಬಿಸಿಎ ಮಾಡಬಹುದು, ಅವು ಮಾನ್ಯತೆ ಇರುವ ಡಿಗ್ರಿಗಳೇ. ಎಂಜಿನಿಯರಿಂಗ್ ನನಗೆ ಬೇಡವೇ ಬೇಡ ಎಂದು ತೀರ್ಮಾನವಾದರೆ ಆ ದಾರಿ ಒಳ್ಳೆಯದು. ಆದರೆ ಅಲ್ಲಿ ಮೊದಲ ವರ್ಷದಿಂದ ಶುರು ಮಾಡಬೇಕಾಗುತ್ತದೆ ಎಂದೇ ತಿಳಿಯಿರಿ.

ನಾನು ಹೆಚ್ಚು ಹೇಳಬೇಕಿರುವುದು "ಒಂದು ವರ್ಷ ಮಾಡಿ ವಾಪಸ್ ಸೇರ್ತೀನಿ" ಎಂಬ ನಿಮ್ಮದೇ ಮಾತಿನ ಬಗ್ಗೆ. ನಿಯಮದ ಪ್ರಕಾರ ವಾಪಸ್ ಬರಬಹುದು. ಆದರೂ ಹೋದವರಲ್ಲಿ ಎಷ್ಟೋ ಜನ ಬರುವುದಿಲ್ಲ. ಸೋಮಾರಿತನದಿಂದಲ್ಲ. ನಾನು ಕಂಡ ಹಾಗೆ ಅದು ಹೀಗೆ ನಡೆಯುತ್ತದೆ.

ಮೊದಲ ನಾಲ್ಕು ತಿಂಗಳು ಮನೆಗೆ 5,000 ಬರುತ್ತದೆ. ಐದನೇ ತಿಂಗಳಿಂದ ಮನೆ ಆ 5,000ದ ಮೇಲೆ ನಿಂತುಬಿಡುತ್ತದೆ. ಹೊಸ ಚೀಟಿ ಹಾಕುತ್ತಾರೆ, ತಂಗಿಗೆ ಕೋಚಿಂಗ್ ಸೇರಿಸುತ್ತಾರೆ, ಸಂಘದಲ್ಲಿ ಇನ್ನೊಂದು ಸಾಲ ಎತ್ತುತ್ತಾರೆ. ತಪ್ಪಲ್ಲ, ಆದಾಯ ಬಂದಾಗ ಎಲ್ಲ ಮನೆಯಲ್ಲೂ ಹೀಗೇ. ವರ್ಷ ಮುಗಿಯುವಾಗ ನೀವು ಕಾಲೇಜಿಗೆ ವಾಪಸ್ ಹೋದರೆ ಮನೆಗೆ ಎರಡು ಪೆಟ್ಟು. ಬರುತ್ತಿದ್ದ ದುಡ್ಡು ನಿಲ್ಲುತ್ತದೆ, ಫೀಸು ಬೇರೆ ಕಟ್ಟಬೇಕು. "ಇನ್ನೊಂದು ವರ್ಷ ಮಾಡು" ಅಂತ ಬಾಯಿಬಿಟ್ಟು ಯಾರೂ ಹೇಳದಿದ್ದರೂ ನಿಮಗೇ ಹಾಗೆ ಅನ್ನಿಸತೊಡಗುತ್ತದೆ. ಅಷ್ಟರಲ್ಲಿ ಕೆಲಸದಲ್ಲೂ ಸಾವಿರವೋ ಎರಡು ಸಾವಿರವೋ ಏರಿಸಿರುತ್ತಾರೆ. ನಿಮ್ಮ ಬ್ಯಾಚಿನವರು ಮುಂದೆ ಹೋಗಿರುತ್ತಾರೆ, ಜೂನಿಯರ್‌ಗಳ ಜೊತೆ ಕೂರುವುದಕ್ಕೆ ಮುಜುಗರ. ಮೊದಲೇ ಕಷ್ಟವಾಗಿದ್ದ ಗಣಿತ ವರ್ಷದಲ್ಲಿ ಇನ್ನೂ ದೂರ ಹೋಗಿರುತ್ತದೆ.

ವಿಟಿಯು ಕಡೆಯಿಂದಲೂ ಒಂದು ತೊಡಕಿದೆ. ಸಿಲಬಸ್ ಸ್ಕೀಮ್ ಪದೇ ಪದೇ ಬದಲಾಗುತ್ತದೆ. 2018ರದ್ದು, 2021ರದ್ದು, 2022ರದ್ದು ಎಂದು ನೀವೇ ಕೇಳಿರುತ್ತೀರಿ. ವಾಪಸ್ ಬರುವಾಗ ನಿಮ್ಮ ಹಿಂದಿನ ಬ್ಯಾಚ್ ಬೇರೆ ಸ್ಕೀಮ್‌ನಲ್ಲಿದ್ದರೆ ಬಿಟ್ಟುಹೋದ ವಿಷಯಗಳನ್ನು ಹೆಚ್ಚಿಗೆ ಓದಬೇಕಾಗಬಹುದು. ಇದನ್ನು ಹೋಗುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಕೆಲವರು "ಆರು ತಿಂಗಳು ಬ್ರೇಕ್" ಎಂದು ಬರುತ್ತಾರೆ. ಆರು ತಿಂಗಳ ಬ್ರೇಕ್ ಎಂಬುದೇ ಇಲ್ಲ. ಐದನೇ ಸೆಮಿಸ್ಟರ್ ಬಿಟ್ಟರೆ ಅದು ಮತ್ತೆ ಶುರುವಾಗುವುದು ಮುಂದಿನ ವರ್ಷ. ಸೆಮಿಸ್ಟರ್ ನಡುವೆ ಬಿಟ್ಟು ಹೋದರೂ ಅಷ್ಟೇ, ಕಟ್ಟಿದ ಫೀಸೂ ಹೋಗುತ್ತದೆ. ನೀವು ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಬರೆದೇ ನಿರ್ಧಾರ ಮಾಡಿ. ಈ ಒಂದು ಮಾತನ್ನಾದರೂ ದಯವಿಟ್ಟು ಕೇಳಿ.

ಹಾಗಾದರೆ ಬ್ರೇಕ್ ಯಾವಾಗಲೂ ತಪ್ಪಾ? ಇಲ್ಲ. ನಾನೇ ಕೆಲವರಿಗೆ ತೆಗೆದುಕೊಳ್ಳಿ ಎಂದಿದ್ದೇನೆ. ಮೇಲೆ ಹೇಳಿದ ದಾರಿಗಳೆಲ್ಲ ನೋಡಿ, ಬ್ಯಾಂಕು ಇಲ್ಲ ಎಂದು, ಸಂಜೆ ಕೆಲಸದಿಂದ ಕೊರತೆ ತುಂಬದಿದ್ದರೆ ಬೇರೆ ದಾರಿ ಇಲ್ಲ. ಇನ್ನೊಂದು ಸಂದರ್ಭ, ಬ್ಯಾಕ್‌ಲಾಗ್ ಮಿತಿ ಮೀರಿ ಇಯರ್ ಬ್ಯಾಕ್ ಆಗಿರುವುದು. ಮುಂದಿನ ವರ್ಷಕ್ಕೆ ಹೋಗಲು ಎಷ್ಟು ವಿಷಯ ಬಾಕಿ ಇಟ್ಟುಕೊಳ್ಳಬಹುದು ಎಂಬ ಮಿತಿ ಸ್ಕೀಮಿನಿಂದ ಸ್ಕೀಮಿಗೆ ಬೇರೆ ಇರುತ್ತದೆ. ನಾಲ್ಕನೇ ಸೆಮಿಸ್ಟರ್ ಫಲಿತಾಂಶ ಬಂದು ನೀವು ಆ ಮಿತಿ ದಾಟಿದ್ದರೆ ಒಂದು ವರ್ಷ ಹೇಗೂ ಹೋಯಿತು. ಆಗ ಮನೆಯಲ್ಲಿ ಸುಮ್ಮನೆ ಕೂರುವ ಬದಲು ಕೆಲಸ ಮಾಡಿಕೊಂಡು ಬಾಕಿ ವಿಷಯ ಮುಗಿಸುವುದೇ ಜಾಣತನ. ಅಂದರೆ ನಿಮ್ಮ ಫಲಿತಾಂಶ ಬರುವವರೆಗೆ ಈ ಪ್ರಶ್ನೆಗೆ ಪೂರ್ತಿ ಉತ್ತರವೇ ಇಲ್ಲ. ಕೆಲಸದವರಿಗೂ ಅಲ್ಲಿಯವರೆಗೆ ಸಮಯ ಕೇಳಿ. ಗೋದಾಮಿನ ಕೆಲಸ ಇವತ್ತು ತಪ್ಪಿದರೆ ಮುಂದಿನ ತಿಂಗಳು ಇನ್ನೊಂದು ಸಿಗುತ್ತದೆ, ಅದಕ್ಕೆ ಯಾವಾಗಲೂ ಜನ ಬೇಕಾಗಿರುತ್ತಾರೆ.

ಬ್ರೇಕ್ ತೆಗೆದುಕೊಳ್ಳಲೇಬೇಕು ಎಂದಾದರೆ ಕಾಲೇಜಿಗೆ ಹೋಗುವುದನ್ನು ಸುಮ್ಮನೆ ನಿಲ್ಲಿಸಿಬಿಡಬೇಡಿ. ನಾನು ನೋಡಿದ ಕೇಸುಗಳಲ್ಲಿ ಕೆಟ್ಟವೆಲ್ಲ ಹೀಗೇ ಶುರುವಾದವು. ಹುಡುಗ ಬರುವುದಿಲ್ಲ, ಫೋನ್ ಎತ್ತುವುದಿಲ್ಲ, ಹಾಜರಾತಿ ಕೊರತೆ ಎಂದು ದಾಖಲಾಗುತ್ತದೆ. ವರ್ಷದ ಮೇಲೆ ಬಂದಾಗ ಅವನ ಕಡೆ ಒಂದು ಚೂರು ಕಾಗದವೂ ಇರುವುದಿಲ್ಲ. ಐದನೇ ಸೆಮಿಸ್ಟರ್ ಶುರುವಾಗುವ ಮೊದಲೇ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ಕಾರಣ, ಎಂದಿನಿಂದ ಎಂದಿನವರೆಗೆ, ಯಾವ ಸೆಮಿಸ್ಟರಿಗೆ ವಾಪಸ್ ಬರುತ್ತೀರಿ ಎಲ್ಲ ಅದರಲ್ಲಿ ಇರಲಿ. ಅಪ್ಪನ ಸಹಿ, ಆಸ್ಪತ್ರೆ ಕಾಗದದ ಜೆರಾಕ್ಸ್ ಜೊತೆಗಿರಲಿ. ಕಾಲೇಜು ಅದನ್ನು ವಿಶ್ವವಿದ್ಯಾಲಯಕ್ಕೆ ತಿಳಿಸಿತಾ ಕೇಳಿ. ಸೀಲು, ತಾರೀಖು ಹಾಕಿದ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬ್ರೇಕ್ ವರ್ಷಕ್ಕೆ ಏನಾದರೂ ಫೀಸು ಇದೆಯಾ, ಮರುಪ್ರವೇಶಕ್ಕೆ ಎಷ್ಟು, ಎಂದು ಅರ್ಜಿ ಹಾಕಬೇಕು ಎಂಬುದನ್ನೂ ಆಗಲೇ ಬರೆದುಕೊಳ್ಳಿ.

ಟಿಸಿ ಮಾತ್ರ ತೆಗೆದುಕೊಳ್ಳಬೇಡಿ. ಟಿಸಿ ಕೊಟ್ಟರು ಅಂದರೆ ನೀವು ಕಾಲೇಜು ಬಿಟ್ಟಿರಿ ಎಂದೇ ಅರ್ಥ.

ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ಕೆಲಸದವರ ಕೈಗೆ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ. "ಒಂದು ವರ್ಷ ಬಿಡುವ ಹಾಗಿಲ್ಲ, ಒರಿಜಿನಲ್ ನಮ್ಮ ಹತ್ತಿರ ಇರಲಿ" ಎನ್ನುವ ಏಜೆನ್ಸಿಗಳಿವೆ. ಕೆಲಸ ಕೊಡಿಸಲು ಡೆಪಾಸಿಟ್ ಕೇಳುವವರೂ ಇದ್ದಾರೆ. ಅಂಥವರ ಹತ್ತಿರ ಹೋಗಲೇಬೇಡಿ. ಮೂಲ ದಾಖಲೆಗಳನ್ನು ಕಾಲೇಜೂ ಹಿಡಿದಿಟ್ಟುಕೊಳ್ಳುವಂತಿಲ್ಲ, ಯುಜಿಸಿ 2018ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ.

ಸಂಬಳ ಬರುವ ಖಾತೆಯಿಂದ ಮೊದಲ ತಿಂಗಳಿಂದಲೇ 2,000 ರೂಪಾಯಿ ಬೇರೆ ಆರ್‌ಡಿಗೆ ಹೋಗಲಿ. ಅದು ನಿಮ್ಮ ಐದನೇ ಸೆಮಿಸ್ಟರ್ ಫೀಸಿನ ಪಾಲು. ಮನೆಯವರಿಗೂ ಆ ದುಡ್ಡು ಇಲ್ಲ ಎಂದೇ ಲೆಕ್ಕ ಹಾಕಲು ಹೇಳಿ. ವಾಪಸ್ ಬಂದ ಹುಡುಗರೆಲ್ಲ ಹೆಚ್ಚುಕಡಿಮೆ ಇದನ್ನೇ ಮಾಡಿದವರು. ನನಗೆ ಗೊತ್ತಿದ್ದ ಒಬ್ಬನ ತಾಯಿ, ಮಗನ ಆರ್‌ಡಿ ಪಾಸ್‌ಬುಕ್ಕನ್ನು ಅವರಕ್ಕನ ಮನೆಯಲ್ಲಿ ಇಟ್ಟಿದ್ದರು, ತಮ್ಮ ಕೈಗೇ ಸಿಗದ ಹಾಗೆ!

ಇನ್ನು ಬ್ಯಾಕ್‌ಲಾಗ್. ಮೂರೂ ವಿಷಯದಲ್ಲಿ ಸಿಐಇ, ಅಂದರೆ ಇಂಟರ್ನಲ್ಸ್ ಪಾಸಾಗಿದೆಯಾ ಮೊದಲು ನೋಡಿ. ಪಾಸಾಗಿದ್ದರೆ ಆ ವಿಷಯಕ್ಕೆ ಮತ್ತೆ ಕ್ಲಾಸಿನಲ್ಲಿ ಕೂರಬೇಕಿಲ್ಲ, ಕಾಲೇಜಿನ ಮೂಲಕ ಫೀಸು ಕಟ್ಟಿ ಮುಂದಿನ ಪರೀಕ್ಷೆ ಬರೆಯಬಹುದು. ಬ್ರೇಕ್‌ನಲ್ಲಿ ಇದ್ದಾಗಲೂ ಬರೆಯಬಹುದಾ ಎಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಖಚಿತ ಮಾಡಿಕೊಳ್ಳಿ. ಇಂಟರ್ನಲ್ಸೇ ಆಗಿಲ್ಲ ಎಂದಾದರೆ ಆ ವಿಷಯಕ್ಕೆ ಮತ್ತೆ ನೋಂದಾಯಿಸಬೇಕು, ಅದು ಬೇರೆ ತಲೆನೋವು.

ನಿಮ್ಮ ಮೂರರಲ್ಲಿ ನಿಜವಾಗಿ ಇರುವುದು ಒಂದೇ ಸಮಸ್ಯೆ. ಫಸ್ಟ್ ಇಯರ್ ಗಣಿತ ಗಟ್ಟಿ ಇಲ್ಲದಿದ್ದರೆ ಮೂರನೇ ಸೆಮಿಸ್ಟರಿನ ಗಣಿತ ಹತ್ತುವುದಿಲ್ಲ, ಅದು ಹತ್ತದಿದ್ದರೆ ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಲ್ಯಾಪ್ಲಾಸ್ ಬಂದ ಕೂಡಲೇ ಕೈ ಸೋಲುತ್ತದೆ. ಆದ್ದರಿಂದ ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ಫಸ್ಟ್ ಇಯರ್ ಗಣಿತ ಮುಗಿಸಿ. ಕಾಲೇಜಿನ ಗಣಿತ ಮೇಷ್ಟ್ರೊಬ್ಬರನ್ನು ಹಿಡಿದು ಹಳೆಯ ಐದು ಪ್ರಶ್ನೆಪತ್ರಿಕೆ ಮಾಡಿಸಿಕೊಳ್ಳಿ. ಹೋಗಿ ಕೇಳಿದ ಹುಡುಗನಿಗೆ ಇಲ್ಲ ಅನ್ನುವ ಮೇಷ್ಟ್ರು ಅಪರೂಪ, ಕೇಳುವವರೇ ಇಲ್ಲ ಅಷ್ಟೇ. ಸಂಜೆ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ನಿಮ್ಮ ಭಯವೂ ಸ್ವಲ್ಪ ಬಿಡುತ್ತದೆ.

ಒಂದು ವೇಳೆ ಕಾರಣ ದುಡ್ಡು, ಬ್ಯಾಕ್‌ಲಾಗ್ ಎರಡೂ ಅಲ್ಲದೆ, ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂಬ ಸ್ಥಿತಿ ಇದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ಕೆಲಸ ಅದಕ್ಕೆ ಔಷಧಿ ಅಲ್ಲ.

ನೀವು 2022ರ ಸ್ಕೀಮ್‌ನವರಾಗಿದ್ದರೆ ಇನ್ನೊಂದು ಲೆಕ್ಕ ಇದೆ. ಅದರಲ್ಲಿ ಕೊನೆಯ ವರ್ಷದ ಒಂದು ಸೆಮಿಸ್ಟರ್ ಬಹುಪಾಲು ಇಂಟರ್ನ್‌ಶಿಪ್ಪಿಗೇ ಮೀಸಲು. ಸ್ಟೈಪೆಂಡ್ ಎಲ್ಲ ಕಡೆ ಸಿಗುತ್ತದೆ ಎಂದು ಹೇಳಲಾರೆ, ಆದರೆ ಕೊಡುವ ಜಾಗ ಹುಡುಕಿಕೊಂಡರೆ ಆಗಲೇ ದುಡಿಮೆ ಶುರು. ಅಂದರೆ ನೀವು ಕ್ಲಾಸಿನಲ್ಲಿ ಕೂತು ಮುಗಿಸಬೇಕಿರುವುದು ಇನ್ನು ಮೂರು ಸೆಮಿಸ್ಟರ್. ಅಷ್ಟರಲ್ಲಿ ಅಪ್ಪನೂ ಮತ್ತೆ ಗಾಡಿ ಹತ್ತಿರುತ್ತಾರೆ. ಅವರ ದುಡಿಮೆ ನಿಲ್ಲುವುದು ಇನ್ನು ಆರೇಳು ತಿಂಗಳು, ನಿಮ್ಮ ಬ್ರೇಕ್ ಒಂದು ವರ್ಷ. ಆ ಆರೇಳು ತಿಂಗಳನ್ನು ಹೇಗಾದರೂ ದಾಟಿಸುವುದೇ ನಿಮ್ಮ ಮನೆಯ ಮುಂದಿರುವ ಪ್ರಶ್ನೆ. ಅದಕ್ಕಾಗಿ ಪೂರ್ತಿ ಒಂದು ಶೈಕ್ಷಣಿಕ ವರ್ಷ ಕೊಡುವುದು ದುಬಾರಿ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಪತ್ರದಲ್ಲಿರುವ ಸಂಗತಿಗಳಷ್ಟನ್ನೇ ನೋಡಿ ಹೇಳುವುದಾದರೆ, ಬ್ರೇಕ್ ಬೇಡ. ಆಟೊ ಬಾಡಿಗೆಗೆ ಕೊಡಿ, ಸಾಲಕ್ಕೆ ಅರ್ಜಿ ಹಾಕಿ, ಪರೀಕ್ಷೆ ಮುಗಿದ ರಜೆಯಲ್ಲಿ ಪೂರ್ತಿ ದಿನ, ಆಮೇಲೆ ಸಂಜೆ ಕೆಲಸ ಮಾಡಿ. ಫಲಿತಾಂಶ ಬಂದು ಇಯರ್ ಬ್ಯಾಕ್ ಆದರೆ ಮಾತ್ರ ಬೇರೆ ಮಾತು.

ಮನೆಯಲ್ಲಿ ಬ್ಯಾಕ್‌ಲಾಗ್ ವಿಷಯ ಹೇಳಿಬಿಡಿ, ಅದೂ ಫಲಿತಾಂಶ ಬರುವ ಮೊದಲೇ. ಮೊದಲು ಅಮ್ಮನಿಗೆ ಹೇಳುವುದು ಸುಲಭ ಎನಿಸಿದರೆ ಹಾಗೇ ಮಾಡಿ. ಸಾಲದ ಅರ್ಜಿಗೆ ಬ್ಯಾಂಕಿನವರು ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಕೇಳುತ್ತಾರೆ, ಪಕ್ಕದಲ್ಲಿ ಅಪ್ಪ ಕೂತಿರುತ್ತಾರೆ. ಅಲ್ಲಿ ಗೊತ್ತಾಗುವುದು ಬೇಡ.